ಬರೆಸಿಕೊಂಡ ಹೆಸರು

ನಮ್ಮ ಊರಿನಲ್ಲಿ ಸತ್ತವರು ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ಒಂದೇ ಸಲ, ಒಂದೇ ಊಟಕ್ಕೆ. ಬೇರೆ ಊರಿನಿಂದ ವರ್ಗವಾಗಿ ಬಂದ ನೌಕರರು ಮೊದಮೊದಲು ಇದನ್ನು ಕೇಳಿ ಬೆಚ್ಚುತ್ತಿದ್ದರು. ವರ್ಷ ಕಳೆಯುವುದರೊಳಗೆ ಅವರೂ ಮೂರನೇ ದಿನದ ರಜೆಗೆ ಅರ್ಜಿ ಬರೆಯುವುದನ್ನು ಕಲಿತುಬಿಡುತ್ತಿದ್ದರು. ಬಂದವರು ಬದುಕಿದ್ದಾಗ ಹೇಗೆ ಉಣ್ಣುತ್ತಿದ್ದರೋ ಹಾಗೆಯೇ ಉಣ್ಣುತ್ತಾರೆ. ಉಪ್ಪು ಕಡಿಮೆಯಾಗಿದ್ದರೆ ಹೇಳುತ್ತಾರೆ. ಪೇಟೆಬೀದಿಯ ದರ್ಜಿಯೊಬ್ಬ ಬಂದಾಗ ಅವನ ಹೆಂಡತಿ ಅಳುವುದನ್ನು ಬಿಟ್ಟು, ಪೆಟ್ಟಿಗೆಯ ಬೀಗದ ಕೈ ಎಲ್ಲಿಟ್ಟಿದ್ದೀಯ ಎಂದು ಕೇಳಿದಳಂತೆ. ಅವನು ತೊಲೆಯ ಸಂದು ತೋರಿಸಿ ಮಜ್ಜಿಗೆ ಕುಡಿದು ಎದ್ದು ಹೋದನಂತೆ.

ಆದರೆ ಅವರು ತಾವಾಗಿ ಬರುವುದಿಲ್ಲ, ಕರೆಯಬೇಕು. ಯಾರಾದರೊಬ್ಬರು ಸತ್ತವರ ಮನೆಯ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತು, ಸತ್ತವರು ಯಾವ ಜನ, ಯಾರ ಮಗು, ಹೆಸರೇನು ಎಂದು ಮೂರು ಮಾತು ಕೂಗಿ ಹೇಳಬೇಕು. ಕೂಗುವವರೂ ಅದೇ ಜನವಾಗಿರಬೇಕು. ಇದರಲ್ಲಿ ಒಂದು ತಪ್ಪಿದರೂ ಎಲೆಯ ಮೇಲಿನ ಅನ್ನ ಹಾಗೆಯೇ ಆರುತ್ತದೆ. ಅದಕ್ಕೇ ನಮ್ಮ ಊರಿನಲ್ಲಿ ಮಾತು ಬಂದ ಮಗುವಿಗೆ ಮೊದಲು ಕಲಿಸುವುದು ತನ್ನ ಜನದ ಹೆಸರನ್ನು.

ನಾವು ಹೇರಿಗರು. ನಮ್ಮ ಹಿರಿಯರು ಎತ್ತಿನ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಸೀಮೆಯಿಂದ ಸೀಮೆಗೆ ನಡೆದವರು. ರೈಲು ಬಂದು ಉಪ್ಪನ್ನು ಹೊತ್ತುಕೊಂಡು ಹೋದ ಮೇಲೆ ಎತ್ತುಗಳನ್ನು ಮಾರಿ, ಕೆರೆ ಏರಿಯ ಆಚೆ ನಲವತ್ತು ಗುಡಿಸಲು ಹಾಕಿಕೊಂಡು ಕೂತರು. ಊರಿನವರ ಬಾಯಲ್ಲಿ ಹೇರಿಗ ಎಂದರೆ ಕಳ್ಳ. ಕೋಳಿ ಕಾಣದಿದ್ದರೆ ಹೇರಿಗರ ಕಡೆ ನೋಡು ಎನ್ನುತ್ತಿದ್ದರು. ಠಾಣೆಯಲ್ಲಿ ನಮ್ಮದೇ ಒಂದು ಪಟ್ಟಿ ಇತ್ತು. ಹದಿನಾರು ತುಂಬಿದ ಗಂಡಸರೆಲ್ಲ ದಿನಾ ಸಂಜೆ ಆರು ಗಂಟೆಗೆ ಠಾಣೆಯ ಅಂಗಳದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಹಾಜರಿ ಹೇಳಬೇಕು. ನನ್ನ ಅಪ್ಪ ಜ್ವರ ಬಂದ ದಿನವೂ ಹೋಗಿ ಕೂತವನು. ಸಾಯುವ ಹಿಂದಿನ ಸಂಜೆ ಅವನನ್ನು ಇಬ್ಬರು ಹೊತ್ತುಕೊಂಡು ಹೋಗಿದ್ದರು.

ನಾನು ಪಾಲಯ್ಯ, ಹೇರಿಗರಲ್ಲಿ ಮೊದಲು ಅಕ್ಷರ ಕಲಿತವನು. ಇಂಗ್ಲಿಷೂ ಕಲಿತು ಊರಿನ ಶಾಲೆಯಲ್ಲಿ ಮೇಷ್ಟ್ರಾದೆ. ಹಗಲೆಲ್ಲ ಹಲಗೆಯ ಮುಂದೆ ನಿಂತು ಪಾಠ ಹೇಳಿದವನು ಸಂಜೆ ಆರಕ್ಕೆ ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಆ ಸಾಲಿನಲ್ಲಿ ಕೂರುತ್ತಿದ್ದೆ. ನನ್ನ ಶಿಷ್ಯರು ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಾ ನನ್ನನ್ನು ನೋಡುತ್ತಿದ್ದರು. ಕೆಲವರು ಅಲ್ಲಿಂದಲೇ ಕೈ ಮುಗಿಯುತ್ತಿದ್ದರು. ಆ ನಮಸ್ಕಾರ ನನಗೆ ಲಾಠಿಯ ಏಟಿಗಿಂತ ಹೆಚ್ಚು ನೋಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಒಬ್ಬ ಇಂಗ್ಲಿಷ್ ದೊರೆ ಬಂದ. ಊರಿನಲ್ಲಿ ಎಷ್ಟು ಬಗೆಯ ಜನರಿದ್ದಾರೆ ಎಂದು ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ಮಾತು ತಿಳಿಸಲು ನನ್ನನ್ನು ಜೊತೆಗೆ ಹಾಕಿದರು. ಕೇರಿಯ ನಲವತ್ತು ಗುಡಿಸಲು ಕಾಣುತ್ತಲೇ, ನಮ್ಮ ಹೆಂಗಸರ ನೆರಿಗೆ ಲಂಗ, ಕವಡೆ ಸರ, ತೋಳಿನ ತುಂಬ ಬಳೆ ನೋಡುತ್ತಲೇ ಅವನು ಕುದುರೆಯ ಮೇಲೆಯೇ ಎದ್ದು ನಿಂತುಬಿಟ್ಟ.

"ಓಹೋ! ಜಿಪ್ಸಿಗಳು!" ಎಂದ.

ಅವನ ಮುಖ ಮಗುವಿನ ಮುಖದಂತೆ ಆಗಿತ್ತು. ಅವನು ಚಿಕ್ಕವನಾಗಿದ್ದಾಗ ಅವನ ಸೀಮೆಯಲ್ಲಿ ಇಂಥದೇ ಲಂಗ ಉಟ್ಟ ಹೆಂಗಸೊಬ್ಬಳು ಒಗೆದ ಬಟ್ಟೆಯನ್ನು ಹಗ್ಗಕ್ಕೆ ಸಿಕ್ಕಿಸುವ ಮರದ ಕಡ್ಡಿಗಳನ್ನು ಮಾರಲು ಮನೆಬಾಗಿಲಿಗೆ ಬರುತ್ತಿದ್ದಳಂತೆ. ಅವನ ಅಂಗೈ ನೋಡಿ ಸಮುದ್ರ ದಾಟುತ್ತೀಯ ಎಂದು ಹೇಳಿದ್ದಳಂತೆ. "ಹೇರಿಗರು ಎನ್ನುವ ಹೆಸರು ಯಾರಿಗೆ ತಿಳಿಯುತ್ತದೆ? ಜಿಪ್ಸಿ ಎಂದರೆ ಜಗತ್ತಿಗೇ ಗೊತ್ತು," ಎಂದು ಪುಸ್ತಕ ಬಿಚ್ಚಿದ. ಅಂಥ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದವರ ಹಳೆಯ ಹೆಸರು ಅಲ್ಲಿಗೆ ಮುಗಿಯುತ್ತದೆ, ಅದು ಮತ್ತೆ ಹಿಂದಕ್ಕೆ ಬರುವುದಿಲ್ಲ ಎಂಬುದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ನನಗೆ ತಟ್ಟನೆ ಒಂದು ವಿಚಾರ ಹೊಳೆಯಿತು. "ಸ್ವಾಮಿ, ಪುಸ್ತಕದಲ್ಲಿ ಹೇರಿಗರು ಎನ್ನುವ ಜನವೇ ಇಲ್ಲವೆಂದಾದರೆ ಠಾಣೆಯ ಪಟ್ಟಿ ಏನಾಗುತ್ತದೆ?" ಎಂದು ಕೇಳಿದೆ.

ಅವನು ನಕ್ಕ. "ಇಲ್ಲದ ಜನಕ್ಕೆ ಎಲ್ಲಿಯ ಪಟ್ಟಿ?"

ಮರುದಿನ ಬೆಳಿಗ್ಗೆ ಕೇರಿಯವರನ್ನೆಲ್ಲ ಹುಣಸೆಮರದ ಕೆಳಗೆ ಸೇರಿಸಿದೆ. ಇನ್ನು ಮೇಲೆ ಯಾರೂ ಠಾಣೆಯಲ್ಲಿ ಕೂರಬೇಕಾಗಿಲ್ಲ, ಒಂದು ಹೆಬ್ಬೆಟ್ಟು ಸಾಕು ಎಂದೆ. ಜನ ಉಸಿರು ಹಿಡಿದು ಕೇಳಿದರು. ಕೇರಿಯ ಹಿರಿಯ ಗಾದ್ರಪ್ಪ ಮಾತ್ರ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಅದೇನೋ ಅಂದ್ಯಲ್ಲ ಮೇಷ್ಟ್ರೇ, ಜಿಪ್ಸಿ. ಹಂಗಂದ್ರೇನು?"

ನನಗೆ ಗೊತ್ತಿರಲಿಲ್ಲ. ಶಾಲೆಯ ಪುಸ್ತಕದಲ್ಲೊಮ್ಮೆ ಆ ಪದ ಬಂದಿತ್ತು, ಪಕ್ಕದಲ್ಲಿ ಒಂದು ಗಾಡಿಯ ಚಿತ್ರವಿತ್ತು, ಅಷ್ಟೇ. ಗೊತ್ತಿಲ್ಲ ಎನ್ನಬಹುದಾಗಿತ್ತು. ಆದರೆ ನಲವತ್ತು ಮನೆಯವರು ನನ್ನ ಬಾಯನ್ನೇ ನೋಡುತ್ತಿದ್ದರು. ಅವರ ಪಾಲಿಗೆ ಇಂಗ್ಲಿಷ್ ಎಂದರೆ ನಾನೇ.

"ದಾರಿಗಳ ರಾಜರು ಅಂತ ಅರ್ಥ," ಎಂದೆ.

ಜನರಲ್ಲಿ ಒಂದು ಗುಜುಗುಜು ಎದ್ದಿತು. ಹನುಮಯ್ಯ ಎಂಬ ಯುವಕ, ಆಗ ತಾನೇ ಮದುವೆಯಾಗಿದ್ದವನು, ಎದ್ದು ನಿಂತು ನಗುತ್ತಾ ಮೀಸೆ ತಿರುವಿದ. ಅವನ ಹೆಂಡತಿ ಈರಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮೊದಲ ಹೆಬ್ಬೆಟ್ಟು ಅವರಿಬ್ಬರದೇ. ನಾನು ಸಹಿ ಹಾಕಿದೆ. ಸಂಜೆಯೊಳಗೆ ಎಲ್ಲರದೂ ಆಯಿತು, ಇಬ್ಬರದನ್ನು ಬಿಟ್ಟು. ಒಬ್ಬ ಗಾದ್ರಪ್ಪ. "ರಾಜ ಆಗೋ ವಯಸ್ಸು ದಾಟೋಯ್ತು, ಬುಡು," ಎಂದು ಎದ್ದುಹೋದ. ಇನ್ನೊಬ್ಬಳು ನನ್ನ ಅವ್ವ ಕಾಟವ್ವ.

ಮನೆಗೆ ಬಂದು ಅವಳನ್ನು ಬೇಡಿಕೊಂಡೆ, ರೇಗಿದೆ. ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು.

"ನಿಮ್ಮಪ್ಪ ಆ ಹೆಸ್ರಿಗೋಸ್ಕರ ಠಾಣೇಲಿ ಕುಂತು ಕುಂತು ಮಂಡಿ ಸವೆಸ್ಕಂಡ. ಈಗ ನಾನು ಅದು ನಮ್ದಲ್ಲ ಅಂದ್ರೆ ಅವ್ನು ಕುಂತಿದ್ದು ಯಾರ ಹೆಸ್ರಿಗೆ ಆಯ್ತು?"

"ಒಳ್ಳೇ ಹೆಸರು ಕಣವ್ವ ಇದು."

"ಒಳ್ಳೇದಾ?" ಎಂದು ತಲೆಯೆತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ನೀನು ನೋಡಿದ್ಯಾ ಅದ್ರ ಅರ್ಥನ?"

"ನೋಡಿದ್ದೀನಿ," ಎಂದೆ. ಅವಳು ಮತ್ತೆ ಕೇಳಲಿಲ್ಲ.

ಆ ವರ್ಷ ನಮ್ಮ ಕೇರಿಯಲ್ಲಿ ಸಂಜೆ ಎನ್ನುವುದು ಹೇಗಿರುತ್ತದೆ ಎಂದು ಗಂಡಸರು ಮೊದಲ ಸಲ ಕಂಡರು. ಆರು ಗಂಟೆಗೆ ಸುಮ್ಮನೆ ಮನೆ ಮುಂದೆ ಕೂತು ಮಕ್ಕಳಿಗೆ ತಲೆ ಬಾಚಿದರು. ಬೇಕೆಂತಲೇ ಠಾಣೆಯ ಮುಂದೆ ಅಡ್ಡಾಡಿ ಬಂದರು. ನಾನು ಕೋಟು ಹಾಕಿಕೊಂಡೇ ಕೆರೆಯ ಸುತ್ತ ತಿರುಗಿದೆ. ಆ ವರ್ಷವನ್ನು ನೆನೆದಾಗ ಈಗಲೂ ನಾನು ಮಾಡಿದ್ದು ಪೂರ್ತಿ ತಪ್ಪು ಎನ್ನಲು ನಾಲಿಗೆ ಏಳುವುದಿಲ್ಲ.

ಮರುವರ್ಷ ಶ್ರಾವಣದಲ್ಲಿ ಹನುಮಯ್ಯನ ಹೆಂಡತಿ ಈರಕ್ಕ ಹೆಣ್ಣುಮಗು ಹೆತ್ತು ಮೂರೇ ದಿನಕ್ಕೆ ನಂಜೇರಿ ತೀರಿಕೊಂಡಳು. ಹೊಸ ಹೆಸರಿನಲ್ಲಿ ಅದು ಮೊದಲ ಸಾವು. ಮೂರನೇ ದಿನ ಹನುಮಯ್ಯ ಅವಳಿಗೆ ಇಷ್ಟವೆಂದು ಹುಚ್ಚೆಳ್ಳು ಚಟ್ನಿ ಮಾಡಿಸಿ, ಎಲೆ ಹಾಕಿ, ಹೊಸ್ತಿಲ ಮೇಲೆ ನಿಂತ. ರೂಢಿಯಿಂದ ಬಾಯಿಗೆ ಮೊದಲು ಬಂದದ್ದು ಹಳೆಯ ಹೆಸರೇ. "ಹೇರಿಗರ ಈರಕ್ಕ," ಎಂದು ಕೂಗಿ, ಅವಳ ತಂದೆಯ ಹೆಸರು ಹೇಳಿದ. ಬೀದಿ ಖಾಲಿ. ಹಿಂದಿನಿಂದ ಯಾರೋ, "ಪುಸ್ತಕದ ಹೆಸ್ರು ಹೇಳೋ," ಎಂದರು. ಅವನು "ಜಿಪ್ಸಿ ಈರಕ್ಕ," ಎಂದು ಕೂಗಿ, ಮತ್ತೆ ಅವಳ ತಂದೆಯ ಹೆಸರು ಹೇಳಿದ.

ಬೀದಿಯ ಕೊನೆಯಲ್ಲಿ ಒಬ್ಬ ಹೆಂಗಸು ಕಂಡಳು. ಹನುಮಯ್ಯ ಎರಡು ಹೆಜ್ಜೆ ಓಡಿ, ನಿಂತುಬಿಟ್ಟ. ಬಂದವಳು ಈರಕ್ಕನಲ್ಲ. ಎಪ್ಪತ್ತು ದಾಟಿದ ಮುದುಕಿ. ಒದ್ದೆಯಾದ ದಪ್ಪ ಉಣ್ಣೆಯ ಶಾಲು, ಕೆಸರು ಮೆತ್ತಿದ ಲಂಗ, ನಮ್ಮ ಸೀಮೆಯಲ್ಲಿ ಯಾರೂ ಹಾಕದ ಬೂಟು. ಯಾವುದೋ ಚಳಿ ದೇಶದಿಂದ ನಡೆದು ಬಂದವಳಂತೆ ಉಸಿರು ಬಿಡುತ್ತಿದ್ದಳು. ಹೊಸ್ತಿಲ ಮುಂದೆ ನಿಂತು ನಮ್ಮೆಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದಳು. ತನ್ನವರು ಯಾರಾದರೂ ಇದ್ದಾರೆಯೇ ಎಂದು ಹುಡುಕುವ ನೋಟ ಅದು. ಯಾರೂ ಸಿಗಲಿಲ್ಲ.

ಹನುಮಯ್ಯ ಬೀದಿಯಲ್ಲೇ ಕೂತುಬಿಟ್ಟ. ಆಗ ನನ್ನ ಅವ್ವ ಮುಂದೆ ಬಂದು ಆ ಮುದುಕಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಎಲೆಯ ಮುಂದೆ ಕೂರಿಸಿದಳು. ಮುದುಕಿ ಚಟ್ನಿ ಬಾಯಿಗಿಟ್ಟು ಕೆಮ್ಮಿ, "ಪಾನಿ," ಎಂದಳು. ನಮ್ಮ ಹಳಬರು ಮನೆಯೊಳಗೆ ಮಾತ್ರ ಆಡುವ ಮಾತೊಂದಿದೆ, ಅದರಲ್ಲೂ ನೀರಿಗೆ ಅದೇ ಹೆಸರು. ಅವ್ವ ಚೊಂಬು ಕೊಟ್ಟಳು. ಮುದುಕಿ ಉಂಡು, ಅವ್ವನ ಕೆನ್ನೆ ಮುಟ್ಟಿ, ಬಂದ ದಾರಿಯಲ್ಲೇ ಹೋದಳು.

"ಯಾರ ಮನೆ ಹಿರಿಯಳೋ, ಯಾರೋ ತಪ್ಪು ಹೆಸ್ರಲ್ಲಿ ಕರೆದ್ರೆ ಪಾಪ ಎದ್ದು ಬಂದವಳೆ," ಎಂದಳು ಅವ್ವ. ನನ್ನ ಕಡೆ ನೋಡಲಿಲ್ಲ.

ಅದಾದ ಎರಡೇ ವಾರಕ್ಕೆ ನಾನು ಜಿಲ್ಲೆಯ ಊರಿಗೆ ಹೋಗಿ, ಅಲ್ಲಿನ ದೊಡ್ಡ ಶಾಲೆಯ ಗ್ರಂಥಾಲಯದಲ್ಲಿದ್ದ ದಪ್ಪ ಇಂಗ್ಲಿಷ್ ನಿಘಂಟು ತೆಗೆದೆ. ಪದ ಸಿಕ್ಕಿತು. ನೂರಾರು ವರ್ಷಗಳ ಹಿಂದೆ ಆ ದೊರೆಗಳ ದೇಶಕ್ಕೆ ಎಲ್ಲಿಂದಲೋ ಕಪ್ಪು ಕೂದಲಿನ ಅಲೆಮಾರಿ ಜನ ಬಂದರಂತೆ. ಅಲ್ಲಿನವರು ಅವರನ್ನು ಈಜಿಪ್ಟಿನವರು ಎಂದುಕೊಂಡರಂತೆ. ಆ ಹೆಸರು ಬಾಯಿಂದ ಬಾಯಿಗೆ ಸವೆದು, ಮೊದಲ ಅಕ್ಷರ ಉದುರಿ, ಜಿಪ್ಸಿ ಆಯಿತಂತೆ. ಆದರೆ ಅವರು ಈಜಿಪ್ಟಿನವರೇ ಅಲ್ಲ. ಅವರ ಮಾತನ್ನು ಪರೀಕ್ಷಿಸಿದ ಪಂಡಿತರು, ಇವರು ಹೊರಟದ್ದು ನಮ್ಮ ಹಿಂದೂದೇಶದ ಕಡೆಯಿಂದ ಎಂದು ಆಮೇಲೆ ಕಂಡುಕೊಂಡರಂತೆ. ತಮ್ಮನ್ನು ತಾವು ಅವರು ಕರೆದುಕೊಳ್ಳುವ ಹೆಸರೇ ಬೇರೆ. ರೋಮ್ ಎಂದು. ಅವರ ಮಾತಿನಲ್ಲಿ ಹಾಗೆಂದರೆ ಮನುಷ್ಯ. ಅದೇ ಪುಟದ ಮೇಲ್ಗಡೆ, ಜಿಪ್ಸಿ ಎಂಬುದನ್ನೇ ಮೊಟಕು ಮಾಡಿರಬಹುದಾದ ಇನ್ನೊಂದು ಸಣ್ಣ ಪದವಿತ್ತು. ಅದರ ಅರ್ಥ, ಮೋಸ ಮಾಡು.

ಪುಸ್ತಕ ಮುಚ್ಚಿದೆ. ಯಾರೋ ಯಾರನ್ನೋ ತಪ್ಪು ತಿಳಿದು ಇಟ್ಟ ಹೆಸರನ್ನು ಇನ್ಯಾರೋ ನಮಗೆ ತಂದು ಇಟ್ಟಿದ್ದರು. ನಾನು ಅದಕ್ಕೊಂದು ಕಿರೀಟ ಕಟ್ಟಿ ನನ್ನ ಜನರ ತಲೆಯ ಮೇಲೆ ಕೂರಿಸಿದ್ದೆ.

ಊರಿಗೆ ಬಂದು ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ. ಇವತ್ತು ನಾಳೆ ಎಂದು ಆರು ವರ್ಷ ಕಳೆದೆ. ಅಷ್ಟರಲ್ಲಿ ಠಾಣೆಗೆ ಹೊಸ ಅಧಿಕಾರಿ ಬಂದ. ಅವನು ಹಳೆಯ ಪಟ್ಟಿ ತೆಗೆಸಿ, ತಲೆಬರಹ ಹೊಡೆದುಹಾಕಿ, ಜಿಪ್ಸಿಗಳು ಎಂದು ಬರೆಸಿದ. ಅದೇ ಅಂಗಳ, ಅದೇ ಆರು ಗಂಟೆ. ನಾನು ಮತ್ತೆ ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಸಾಲಿನಲ್ಲಿ ನನ್ನ ಪಕ್ಕ ಕೂತ ಹನುಮಯ್ಯ, "ರಾಜರ ಹಾಜರಿ ಏನ್ ಮೇಷ್ಟ್ರೇ ಇದು?" ಎಂದ. ನಗುತ್ತಲೇ ಅಂದ. ಆಗ ಅವನು ಇನ್ನೂ ನನ್ನನ್ನು ನಂಬಿದ್ದ.

ಕೇರಿಯಲ್ಲಿ ಸಾವುಗಳು ನಿಲ್ಲಲಿಲ್ಲ. ಪ್ರತಿ ಸಲವೂ ಬೇರೆ ಯಾರೋ ಬಂದರು. ಒಮ್ಮೆ ಬೆರಳು ಕತ್ತರಿಸಿಹೋಗಿದ್ದ ಒಬ್ಬ ಗಂಡಸು, ಒಮ್ಮೆ ಬರಿಗಾಲಿನ ಏಳೆಂಟು ವರ್ಷದ ಹುಡುಗಿ. ಮೊದಮೊದಲು ನಮ್ಮ ಹೆಂಗಸರು ಬಾಗಿಲು ಹಾಕಿಕೊಂಡು ಅತ್ತರು. ಆಮೇಲೆ ಖಾರ ಕಡಿಮೆ ಮಾಡಿ ಅಡುಗೆ ಮಾಡುವುದನ್ನು ರೂಢಿಸಿಕೊಂಡರು. ಹೊದೆಯಲು ಒಂದು ಕಂಬಳಿ ತೆಗೆದಿಟ್ಟರು. ತಮ್ಮವರು ಬರುವುದಿಲ್ಲ ಎಂದು ಗೊತ್ತಿದ್ದೂ ಯಾರದೋ ಹಸಿವಿಗಾಗಿ ಹೊಸ್ತಿಲ ಮೇಲೆ ನಿಂತು ಕೂಗಿದರು. ನಮ್ಮವರಿಗೆ ಯಾರ ಮನೆಯಲ್ಲಿ ಎಲೆ ಹಾಕಿದ್ದಾರೋ ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಆರನೇ ವರ್ಷದ ಮಾಘದಲ್ಲಿ ಅವ್ವ ಹಾಸಿಗೆ ಹಿಡಿದಳು. ಕೊನೆಯ ವಾರ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದು, "ಪಾಲ, ಆ ಹೆಸ್ರು… ಏನಾರ ಹೇಳೋದೈತಾ ನಂಗೆ?" ಎಂದಳು. ಅವಳಾಗಿ ಬಾಗಿಲು ತೆರೆದು ಕೊಟ್ಟಿದ್ದಳು. ನನಗೆ ಒಳಗೆ ಹೋಗಲಾಗಲಿಲ್ಲ. "ಏನೂ ಇಲ್ಲವ್ವ, ಗಂಜಿ ಕುಡಿ," ಎಂದೆ. ಅವಳು ಕುಡಿದಳು. ಎರಡು ದಿನ ಬಿಟ್ಟು ಹೋದಳು.

ಅವಳು ಹೆಬ್ಬೆಟ್ಟು ಒತ್ತಿರಲಿಲ್ಲ, ಹೇರಿಗರವಳಾಗಿಯೇ ಸತ್ತಿದ್ದಳು. ಅವಳನ್ನು ಹೇರಿಗರೇ ಕರೆಯಬೇಕು. ನಾನು ಹೇರಿಗನಲ್ಲ. ಮೂರನೇ ದಿನ ಬೆಳಿಗ್ಗೆ ಗಾದ್ರಪ್ಪನ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವನೇ ಕೋಲು ಊರಿಕೊಂಡು ಎದ್ದ.

"ನಡಿ. ಹೊತ್ತಾಗ್ತದೆ."

ನನ್ನ ಮನೆಯ ಹೊಸ್ತಿಲ ಮೇಲೆ, ನಾನು ನಿಲ್ಲಬೇಕಾದ ಜಾಗದಲ್ಲಿ ಅವನು ನಿಂತು ಕೂಗಿದ. ಅವ್ವ ಬಂದಳು. ಕಾಯಿಲೆಯ ಸೊರಗು ಇರಲಿಲ್ಲ, ಕವಡೆ ಸರ ಹಾಕಿಕೊಂಡಿದ್ದಳು. "ಗಾದ್ರಣ್ಣ, ಚೆಂದಾಗಿದೀಯಾ?" ಎನ್ನುತ್ತಾ ಒಳಗೆ ಬಂದು ಕೂತಳು. ನಾನು ಎದುರಿಗೇ ನಿಂತಿದ್ದೆ. ಅವಳ ಕಣ್ಣು ನನ್ನ ಮೇಲೆ ಹಾದು ಗೋಡೆಗೆ ಹೋಯಿತು. ನಾನು ರೊಟ್ಟಿ ಬಡಿಸಿದೆ. ರೊಟ್ಟಿ ಕಂಡಳು, ಅವಳ ಜನದ ಹೆಸರು ಬಿಟ್ಟವನ ಕೈ ಕಾಣಲಿಲ್ಲ.

"ನನ್ನ ಮಗ ಎಲ್ಲಿ?" ಎಂದು ಗಾದ್ರಪ್ಪನನ್ನು ಕೇಳಿದಳು.

"ಇಲ್ಲೇ ಅವ್ನೆ ತಾಯಿ."

ಅವಳು ಸುತ್ತ ನೋಡಿದಳು. ಕಾಣಲಿಲ್ಲವೆಂದು ಅಳಲಿಲ್ಲ. ರೊಟ್ಟಿ ಮುರಿಯುತ್ತಾ ನಿಧಾನವಾಗಿ ಹೇಳಿದಳು. "ಅವತ್ತು ಮರದ ಕೆಳಗೆ ಅವ್ನು ಸುಳ್ಳು ಹೇಳ್ದ ಅಂತ ನಂಗೆ ಗೊತ್ತಿತ್ತು ಕಣಣ್ಣ. ಹೆತ್ತವಳಿಗೆ ಗೊತ್ತಾಗಲ್ವಾ? ಎದ್ದು ಹೇಳ್ಬೇಕಿತ್ತು ನಾನು. ಜನದ ಮುಂದೆ ಮಗನ ಮಾನ ಹೋಗ್ತದೆ ಅಂತ ಸುಮ್ಕಾದೆ. ನನ್ನ ಒಬ್ಬಳ ಹೆಬ್ಬೆಟ್ಟು ಉಳಿಸ್ಕಂಡೆ. ಈರಕ್ಕಂದು ಉಳಿಸ್ಲಿಲ್ಲ."

"ಅವ್ವಾ," ಎಂದೆ. ಮನೆ ತುಂಬ ಕೇಳಿತು, ಅವಳಿಗೊಬ್ಬಳಿಗೆ ಕೇಳಲಿಲ್ಲ. ಕೈ ತೊಳೆದುಕೊಂಡು ಎದ್ದಳು. ಹೋಗುವಾಗ ಅವಳ ಸೆರಗು ನನ್ನ ಮೊಣಕೈಗೆ ತಾಗಿತು. ಅಷ್ಟೇ.

ಮರುದಿನ ಅದೇ ಮರದ ಕೆಳಗೆ ಎಲ್ಲರನ್ನೂ ಕರೆದು ನಿಘಂಟಿನಲ್ಲಿದ್ದುದನ್ನೆಲ್ಲ ಹೇಳಿದೆ. ಅರ್ಥ ಗೊತ್ತಿಲ್ಲದೆ ಹೇಳಿದ್ದೆ ಎಂದೂ, ಗೊತ್ತಾದ ಮೇಲೆ ಆರು ವರ್ಷ ಮುಚ್ಚಿಟ್ಟಿದ್ದೆ ಎಂದೂ ಹೇಳಿದೆ. ಹನುಮಯ್ಯನ ಮಗಳು ಅವನ ತೊಡೆಯ ಮೇಲೆ ಕೂತಿದ್ದಳು. ಅವನು ಅವಳನ್ನು ಕೆಳಗಿಳಿಸಿ ಎದ್ದು ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದು ಕಾದೆ ಕೂಡ.

"ಈರಿ ಆವತ್ತು ಯಾವ ಬೀದೀಲಿ ನಿಂತಿದ್ಲು ಮೇಷ್ಟ್ರೇ?" ಎಂದ. "ನಾನು ಕೂಗೋದು ಕೇಳ್ತಾ ಇತ್ತಾ ಅವ್ಳಿಗೆ?"

ಅವನು ಮಗಳ ಕೈ ಹಿಡಿದುಕೊಂಡು ಹೋದ. ಅಂದಿನಿಂದ ಹನ್ನೊಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಮಗಳನ್ನು ಮಾತ್ರ ದಿನವೂ ಶಾಲೆಗೆ ಕಳಿಸಿದ.

ಪುಸ್ತಕದ ಹೆಸರು ತಿದ್ದಿಸಲು ನಾನು ಬರೆದ ಅರ್ಜಿಗಳು ಎಷ್ಟೋ. ಹಾಗೆ ತಿದ್ದಲು ಕಲಂ ಇಲ್ಲ ಎಂದು ಉತ್ತರ ಬಂತು. ಆಮೇಲೆ ಉತ್ತರ ಬರುವುದೂ ನಿಂತಿತು. ಹೊಸ ಹುಡುಗರು, "ಇರ್ಲಿ ಬುಡಿ ಮೇಷ್ಟ್ರೇ, ಹೆಸ್ರಲ್ಲಿ ಏನೈತೆ," ಎಂದು ನನ್ನನ್ನೇ ಸಮಾಧಾನ ಮಾಡಿದರು.

ಹೋದ ಚಳಿಗಾಲದಲ್ಲಿ ಗಾದ್ರಪ್ಪ ತೀರಿಕೊಂಡ. ಹೆಂಡತಿ ಮಕ್ಕಳಿಲ್ಲದವನು. ಭೂಮಿಯ ಮೇಲಿದ್ದ ಕೊನೆಯ ಹೇರಿಗ ಅವನೇ. ಮೂರನೇ ದಿನ ಯಾರೂ ಹೇಳದೆಯೇ ನಲವತ್ತು ಮನೆಯವರೂ ಅಡುಗೆ ಮಾಡಿ ತಂದರು. ಅವನ ಗುಡಿಸಲಿನ ಮುಂದೆ ಜನ ಕಿಕ್ಕಿರಿದಿತ್ತು. ಎಲೆ ಹಾಕಿ, ಬಿಸಿ ಅನ್ನ ಬಡಿಸಿ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕರೆಯುವ ಹಕ್ಕಿದ್ದವರು ಒಬ್ಬರೂ ಉಳಿದಿರಲಿಲ್ಲ.

ನಾನು ಹೊಸ್ತಿಲ ಮೇಲೆ ನಿಂತೆ. ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಕೂಗಿದೆ. "ಹೇರಿಗರ ಗಾದ್ರಪ್ಪ, ದೊಡ್ಡಸೂರಯ್ಯನ ಮಗ ಗಾದ್ರಪ್ಪ," ಎಂದು. ನಾನು ಕೂಗಿ ನಿಲ್ಲಿಸಿದೊಡನೆ ಹಿಂದಿನಿಂದ ಇನ್ನೊಬ್ಬರು ಕೂಗಿದರು, ಆಮೇಲೆ ಮತ್ತೊಬ್ಬರು. ಹನ್ನೊಂದು ವರ್ಷದಿಂದ ಮಕ್ಕಳ ಕಿವಿಗೂ ಬೀಳದಿದ್ದ ಆ ಹೆಸರನ್ನು ಮಕ್ಕಳೂ ಕೂಗಿದರು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಅನ್ನದ ಹಬೆ ನಿಂತುಹೋಯಿತು. ಯಾರಿಗೂ ಎಲೆ ತೆಗೆಯುವ ಮನಸ್ಸಿರಲಿಲ್ಲ, ಹಾಗೆಯೇ ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ.

ಆಗ ಜನರ ನಡುವಿನಿಂದ ಹನುಮಯ್ಯ ಬಂದ. ಅವನ ಮೀಸೆ ನರೆತಿತ್ತು. ಚಪ್ಪಲಿ ಹೊರಗೆ ಬಿಟ್ಟು, ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಆ ಎಲೆಯ ಮುಂದೆ ಕೂತ.

"ಸಾರು ಬಡ್ಸಿ ಮೇಷ್ಟ್ರೇ," ಎಂದ.

ನಾನು ಬಡಿಸಿದ ಸಾರು ಎಲೆಯ ಆಚೆಗೂ ಚೆಲ್ಲಿತು. ಅವನು ಅದನ್ನು ಬೆರಳಿನಿಂದ ಒಳಗೆ ಸರಿಸಿಕೊಂಡು, ತಲೆಯೆತ್ತದೆ, ಒಂದಗುಳೂ ಬಿಡದೆ ಉಂಡ.